ಕಲ್ಯಾಣ ಮಂಟಪಕ್ಕೆ ಎಷ್ಟು ವ್ಯಾಟ್ ಬೇಕು?

ಮದುವೆ ಮನೆಯಲ್ಲಿ ಮೈಕಿನ ಸದ್ದು ಕೇಳಿಸದವರು ಯಾರೂ ಇರಲಾರರು. ಆದರೆ ಅದರಲ್ಲಿ ಹೇಳಿದ್ದು ತಿಳಿದವರು ಎಷ್ಟು ಮಂದಿ? ಗೇಟಿಗೆ ಅಡ್ಡ ನಿಂತ ಕಾರಿನ ನಂಬರು, ತಾಯಿಯಿಂದ ತಪ್ಪಿಸಿಕೊಂಡ ಮಗುವಿನ ಹೆಸರು, ಎರಡನೇ ಪಂಕ್ತಿಯ ಊಟದ ಕರೆ ಎಲ್ಲವೂ ಒಂದೇ ಬಗೆಯ 'ಗೊಂಯ್' ಸದ್ದಾಗಿ ಕಿವಿಗೆ ಬೀಳುತ್ತವೆ. 'ಏನಂದರು?' ಎಂದು ಪಕ್ಕದವರನ್ನು ಕೇಳಬೇಕಾಗುತ್ತದೆ. ಮಂಟಪದ ಮಾಲೀಕರಿಗೆ ದೂರು ಹೋದರೆ ಸಾಮಾನ್ಯವಾಗಿ ಬರುವ ಉತ್ತರ, 'ಇನ್ನೂ ಜಾಸ್ತಿ ವ್ಯಾಟಿನ ಸೆಟ್ ಹಾಕಿಸೋಣ' ಎಂಬುದು. ಹಣ ಖರ್ಚಾಗುತ್ತದೆ, ಸದ್ದು ಏರುತ್ತದೆ, ಮಾತು ಮಾತ್ರ ಮೊದಲಿನಷ್ಟೇ ಅಸ್ಪಷ್ಟ. ಜೊತೆಗೆ ಪಕ್ಕದ ಬೀದಿಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿರುವ ಹುಡುಗಿಯ ಓದೂ ಕೆಡುತ್ತದೆ.

ಕಾರಣ ತಿಳಿಯಲು ಪ್ರೌಢಶಾಲೆಯ ಭೌತವಿಜ್ಞಾನವೇ ಸಾಕು.

ವ್ಯಾಟಿನ ಮಾಯೆ

ಶಬ್ದದ ಮಟ್ಟವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ಆಂಪ್ಲಿಫೈಯರಿನ ಶಕ್ತಿಯನ್ನು 100 ವ್ಯಾಟಿನಿಂದ 200 ವ್ಯಾಟಿಗೆ ಏರಿಸಿದರೆ ಶಬ್ದ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ತುಸು ಹೆಚ್ಚಾದಂತೆ ಅನಿಸುತ್ತದೆ, ಅಷ್ಟೆ. ಸದ್ದು ಎರಡು ಪಟ್ಟಾದಂತೆ ಕೇಳಿಸಲು ಸುಮಾರು 10 ಡೆಸಿಬೆಲ್ ಏರಬೇಕು. ಅಂದರೆ 100 ವ್ಯಾಟ್ ಇದ್ದದ್ದು 1000 ವ್ಯಾಟ್ ಆಗಬೇಕು!

ಸ್ಪೀಕರಿನ ಸಂವೇದನೆಯನ್ನೂ ನೋಡಬೇಕು. 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಶಬ್ದ ಬರುತ್ತದೆ ಎಂಬುದೇ ಸಂವೇದನೆ. 94 ಡೆಸಿಬೆಲ್‌ನ ಸ್ಪೀಕರಿಗೆ 25 ವ್ಯಾಟ್ ಕೊಟ್ಟರೆ ಆಗುವ ಕೆಲಸಕ್ಕೆ 88 ಡೆಸಿಬೆಲ್‌ನದಕ್ಕೆ 100 ವ್ಯಾಟ್ ಬೇಕು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ 'ಪಿ.ಎಂ.ಪಿ.ಒ.' ವ್ಯಾಟುಗಳು ಕ್ಷಣಮಾತ್ರದ ಲೆಕ್ಕ. ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನು ತಿಳಿಸುವುದು 'ಆರ್.ಎಂ.ಎಸ್.' ಸಂಖ್ಯೆ. ಕೊಳ್ಳುವವರು ಕೇಳಬೇಕಾದದ್ದು ಅದನ್ನೇ.

ಗೋಡೆಗಳೂ ಮಾತಾಡುತ್ತವೆ

ನುಣುಪಾದ ಗ್ರಾನೈಟ್ ನೆಲ, ಗಾರೆಯ ಗೋಡೆ, ಕಾಂಕ್ರೀಟಿನ ತಾರಸಿ ಇವು ತಮ್ಮ ಮೇಲೆ ಬಿದ್ದ ಶಬ್ದದ ಬಹುಪಾಲನ್ನು ಹಿಂದಕ್ಕೆ ತಳ್ಳುತ್ತವೆ. ಮೈಕಿನಲ್ಲಿ ಹೇಳಿದ ಅಕ್ಷರ ನಿಂತ ಮೇಲೂ ಅದರ ಸದ್ದು ಸಭಾಂಗಣದಲ್ಲಿ ಸುಳಿದಾಡುತ್ತಿರುತ್ತದೆ. ಇದೇ ಅನುರಣನ. ಹಿಂದಿನ ಅಕ್ಷರದ ಬಾಲ ಮುಂದಿನ ಅಕ್ಷರವನ್ನು ಮುಚ್ಚಿಬಿಡುತ್ತದೆ. ಸ್ವರಗಳಿಗೆ ಬಲ ಹೆಚ್ಚು, ವ್ಯಂಜನಗಳಿಗೆ ಕಡಿಮೆ. ಆದ್ದರಿಂದ ಮೊದಲು ಮುಚ್ಚಿಹೋಗುವುದು ವ್ಯಂಜನಗಳೇ. ಆಗ ಕಾಲು, ಹಾಲು, ಪಾಲು, ಸಾಲು ಎಲ್ಲವೂ ಒಂದೇ!

ಇದನ್ನು ಮೊದಲು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವ್ಯಾಲೇಸ್ ಸ್ಯಾಬಿನ್. ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಮಾತು ತಿಳಿಯುತ್ತಿರಲಿಲ್ಲ. ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಉಳಿಯುತ್ತಿತ್ತು. 1895ರಲ್ಲಿ ಅದನ್ನು ಸರಿಪಡಿಸುವ ಕೆಲಸ ಅವರ ಪಾಲಿಗೆ ಬಂತು. ಆರ್ಗನ್ ವಾದ್ಯದ ಒಂದು ಕೊಳವೆ, ಒಂದು ಗಡಿಯಾರ, ಹತ್ತಿರದ ರಂಗಮಂದಿರದಿಂದ ತಂದ ಕುರ್ಚಿಯ ಮೆತ್ತೆಗಳು, ಇವೇ ಅವರ ಪ್ರಯೋಗದ ಸಲಕರಣೆ. ಊರು ಮಲಗಿದ ಮೇಲೆ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಸದ್ದು ಅಡಗಲು ಹಿಡಿಯುವ ಕಾಲವನ್ನು ಅಳೆದು, ಬೆಳಗಾಗುವುದರೊಳಗೆ ಹಿಂದಿರುಗಿಸುತ್ತಿದ್ದರು. ಮುಂದೆ 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಅವರ ಸೂತ್ರದ ನೆರವಿನಿಂದ ರೂಪುಗೊಂಡಿತು.

ಸೂತ್ರ ಸುಲಭ. ಸಭಾಂಗಣದ ಗಾತ್ರವನ್ನು (ಘನ ಮೀಟರ್) 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ಸಿಗುತ್ತದೆ. ಪ್ರತಿ ಮೇಲ್ಮೈಯ ವಿಸ್ತೀರ್ಣವನ್ನು ಅದರ ಹೀರುವ ಗುಣಾಂಕದಿಂದ ಗುಣಿಸಿ ಕೂಡಿಸಿದರೆ ಒಟ್ಟು ಹೀರಿಕೆ ಬರುತ್ತದೆ. ತೆರೆದ ಕಿಟಕಿಗೆ ಬಿದ್ದ ಶಬ್ದ ಮರಳಿ ಬಾರದು, ಆದ್ದರಿಂದ ಅದರ ಗುಣಾಂಕ 1.

30 ಮೀಟರ್ ಉದ್ದ, 15 ಮೀಟರ್ ಅಗಲ, 6 ಮೀಟರ್ ಎತ್ತರದ ಮಂಟಪವೊಂದನ್ನು ತೆಗೆದುಕೊಳ್ಳೋಣ. ಗಾತ್ರ 2700 ಘನ ಮೀಟರ್. ನೆಲ, ಚಾವಣಿ, ಗೋಡೆ ಸೇರಿ 1440 ಚದರ ಮೀಟರ್. ಸರಾಸರಿ ಗುಣಾಂಕ 0.05 ಎಂದರೆ ಹೀರಿಕೆ 72. ಅನುರಣನ 6 ಸೆಕೆಂಡು! ನಾಲ್ಕು ನೂರು ಜನ ಬಂದು ಕುಳಿತರೆ, ತಲೆಗೆ 0.45ರಂತೆ 180 ಸೇರಿ, ಕಾಲ 1.7 ಸೆಕೆಂಡಿಗೆ ಇಳಿಯುತ್ತದೆ. ಜನ ಬರುವ ಮೊದಲೇ ಚಾವಣಿಗೆ ಶಬ್ದ ಹೀರುವ ಹಲಗೆಗಳನ್ನು (ಗುಣಾಂಕ 0.6) ಹೊದಿಸಿದರೆ ಖಾಲಿ ಮಂಟಪದಲ್ಲೇ ಅದು 1.4 ಸೆಕೆಂಡು. ಮಾತಿಗೆ 1 ಸೆಕೆಂಡಿನ ಆಸುಪಾಸು ಚೆನ್ನ.

ವಾಲ್ಯೂಮ್ ತಿರುಗಿಸಿದಾಗ ನೇರವಾಗಿ ಬರುವ ಮಾತು ಏರುವಷ್ಟೇ ಗೋಡೆಯಿಂದ ಬರುವ ಗದ್ದಲವೂ ಏರುತ್ತದೆ. ಇವೆರಡರ ಅನುಪಾತ ಬದಲಾಗುವುದೇ ಇಲ್ಲ. ಹೆಚ್ಚು ವ್ಯಾಟ್ ಸೋಲುವುದು ಇಲ್ಲೇ.

ಒಂದು ದೊಡ್ಡದೋ, ಹತ್ತು ಚಿಕ್ಕವೋ?

ಅನುಪಾತ ಸುಧಾರಿಸಲು ಎರಡು ದಾರಿಗಳಿವೆ. ಗೋಡೆ, ಚಾವಣಿಗಳ ಹೀರಿಕೆ ಹೆಚ್ಚಿಸುವುದು ಒಂದು. ಸ್ಪೀಕರನ್ನು ಕೇಳುಗರ ಹತ್ತಿರ ತರುವುದು ಇನ್ನೊಂದು.

ದೂರ ಎರಡರಷ್ಟಾದಾಗಲೆಲ್ಲ ನೇರ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ವೇದಿಕೆಯ ಮೇಲೆ ಮಾತ್ರ ದೊಡ್ಡ ಸ್ಪೀಕರುಗಳಿದ್ದರೆ, 3 ಮೀಟರ್ ದೂರದ ಮುಂದಿನ ಸಾಲಿಗೂ 24 ಮೀಟರ್ ದೂರದ ಹಿಂದಿನ ಸಾಲಿಗೂ 18 ಡೆಸಿಬೆಲ್ ಅಂತರ. ಹಿಂದಿನವರಿಗೆ 70 ಡೆಸಿಬೆಲ್ ಮುಟ್ಟಿಸಲು ಮುಂದಿನವರ ಕಿವಿಗೆ 88 ಡೆಸಿಬೆಲ್ ಬಡಿಯಬೇಕು. ಮುಂದೆ ಕೂರುವವರು ಯಾರು? ಮನೆಯ ಹಿರಿಯರು, ಕೂಸು ಎತ್ತಿಕೊಂಡ ತಾಯಂದಿರು. ದಿನಕ್ಕೆ 8 ಗಂಟೆ ಕೆಲಸ ಮಾಡುವವರ ಕಿವಿಗೆ 85 ಡೆಸಿಬೆಲ್ ಮಿತಿ ಎಂದೂ, ಮೇಲೆ ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗಬೇಕೆಂದೂ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಂಟಪದ ನೌಕರರು ಮದುವೆಯ ಕಾಲದಲ್ಲಿ ದಿನವೂ ಈ ಸದ್ದಿನಲ್ಲೇ ಇರುವವರು.

ಇದರ ಬದಲು ಎರಡೂ ಪಕ್ಕದ ಗೋಡೆಗಳಲ್ಲಿ 5 ಮೀಟರಿಗೊಂದರಂತೆ ಹನ್ನೆರಡು ಉದ್ದನೆಯ ಕಾಲಂ ಸ್ಪೀಕರುಗಳನ್ನು, ಸಭಾಂಗಣದ ನಡುವಿಗೆ ತುಸು ಬಾಗಿಸಿ ಕೂರಿಸಬಹುದು. ಆಗ ಯಾವ ಕೇಳುಗರೂ ಸ್ಪೀಕರಿನಿಂದ 8 ಮೀಟರಿಗಿಂತ ದೂರವಿರುವುದಿಲ್ಲ. ಒಂದೊಂದಕ್ಕೆ 10 ವ್ಯಾಟ್ ಸಾಕು, ಒಟ್ಟು 120. ಸ್ವಲ್ಪ ಉಳಿಕೆ ಇಟ್ಟುಕೊಂಡು 160 ವ್ಯಾಟಿನ ಆಂಪ್ಲಿಫೈಯರ್ ಸಾಕಾಗುತ್ತದೆ. ಸ್ಪೀಕರುಗಳಿಗೆ ಮೈಕು ಮುಖ ಮಾಡದಂತೆ ನೋಡಿಕೊಂಡರೆ 'ಕುಂಯ್' ಎಂಬ ಕೂಗೂ ಕಡಿಮೆ.

ಹಾಡಿಗಾಗಿ ವೇದಿಕೆಯಲ್ಲೂ ದೊಡ್ಡ ಸ್ಪೀಕರ್ ಬೇಕೆನ್ನುವವರು ಇನ್ನೊಂದು ಲೆಕ್ಕ ಹಾಕಬೇಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯಿಂದ 24 ಮೀಟರ್ ದಾಟಲು 0.07 ಸೆಕೆಂಡು ಬೇಕು. ಪಕ್ಕದ ಸ್ಪೀಕರಿನ ಸದ್ದು ಅದಕ್ಕಿಂತ ಮೊದಲೇ ಮುಟ್ಟಿ, ಮಾತು ಎರಡೆರಡು ಬಾರಿ ಕೇಳಿಸೀತು. ಹಿಂದಿನ ಸ್ಪೀಕರುಗಳನ್ನು ಅಷ್ಟೇ ತಡಮಾಡಿಸುವ ಉಪಕರಣ ಇದಕ್ಕೆ ಪರಿಹಾರ.

ತಗ್ಗು ಚಾವಣಿಯ ಹೋಟೆಲು, ಬಟ್ಟೆ ಅಂಗಡಿಗಳಿಗೆ ಚಾವಣಿಯ ಸ್ಪೀಕರುಗಳೇ ಅನುಕೂಲ. ಚಾವಣಿ 3 ಮೀಟರ್, ನಿಂತವರ ಕಿವಿ 1.5 ಮೀಟರ್ ಎತ್ತರದಲ್ಲಿದ್ದರೆ, 90 ಡಿಗ್ರಿ ಹರಡುವ ಸ್ಪೀಕರೊಂದು 3 ಮೀಟರ್ ಅಡ್ಡಳತೆಯ ವೃತ್ತವನ್ನು ಆವರಿಸುತ್ತದೆ.

ನೂರು ವೋಲ್ಟಿನ ತಂತಿ

ಇಷ್ಟುದ್ದದ ತಂತಿಯಲ್ಲಿ ಶಕ್ತಿ ಪೋಲಾಗುವುದಿಲ್ಲವೇ? ವಿದ್ಯುತ್ ಸ್ಥಾವರದಿಂದ ಊರಿಗೆ ಹೈಟೆನ್ಷನ್ ತಂತಿ ಎಳೆಯುವ ಉಪಾಯವೇ ಇಲ್ಲೂ ಇದೆ. 8 ಓಮ್ ಸ್ಪೀಕರಿಗೆ ನೇರವಾಗಿ 100 ವ್ಯಾಟ್ ಕೊಡಲು ಸುಮಾರು 3.5 ಆಂಪಿಯರ್ ಹರಿಯಬೇಕು. 100 ವೋಲ್ಟಿಗೆ ಏರಿಸಿದರೆ 1 ಆಂಪಿಯರ್ ಸಾಕು. ತಂತಿಯ ನಷ್ಟ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾದ್ದರಿಂದ ಅದು ಹನ್ನೆರಡರಲ್ಲಿ ಒಂದು ಪಾಲಾಗುತ್ತದೆ. ಪ್ರತಿ ಸ್ಪೀಕರಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಮತ್ತೆ ಇಳಿಸುತ್ತದೆ.

ನೆರೆಯವರ ಪಾಲು

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮತ್ತು ವಾಣಿಜ್ಯ ಪ್ರದೇಶಕ್ಕೆ 65, 55 ಡೆಸಿಬೆಲ್ ಗೊತ್ತುಪಡಿಸಿವೆ. ರಾತ್ರಿ ಎಂದರೆ 10ರಿಂದ ಬೆಳಗಿನ 6. ಕೇಳುಗರ ಹತ್ತಿರ ಮೆಲುದನಿಯಲ್ಲಿ ನುಡಿಯುವ ಸ್ಪೀಕರುಗಳಿಂದ ಹೊರಗೆ ಸೋರುವ ಸದ್ದೂ ಕಡಿಮೆ.

ಸೆಟ್ ಕೊಳ್ಳುವ ಮುನ್ನ ಮಾಲೀಕರು ಮಾಡಬಹುದಾದ ಪರೀಕ್ಷೆಯೊಂದಿದೆ. ಶಾಲೆಯ ಸಭಾಂಗಣದಲ್ಲಿ ವಿದ್ಯಾರ್ಥಿಗಳೂ ಇದನ್ನು ಮಾಡಬಹುದು. ಕಾಲು, ಹಾಲು, ಪಾಲು, ಸಾಲು ಪದಗಳನ್ನು ಹಿಂದುಮುಂದಾಗಿ ಇಪ್ಪತ್ತು ಸಲ ಒಬ್ಬರು ಮೈಕಿನಲ್ಲಿ ಓದಲಿ. ಬೇರೆ ಬೇರೆ ಮೂಲೆಗಳಲ್ಲಿ ಕುಳಿತವರು ಕೇಳಿದ್ದನ್ನು ಬರೆದುಕೊಳ್ಳಲಿ. ಯಾವ ಮೂಲೆಯಲ್ಲಿ ತಪ್ಪು ಹೆಚ್ಚೋ ಅಲ್ಲಿಗೊಂದು ಸ್ಪೀಕರ್ ಹತ್ತಿರ ಬರಬೇಕು, ಇಲ್ಲವೇ ಎದುರಿನ ಬರಿಗೋಡೆಗೆ ದಪ್ಪ ಪರದೆ ಬೀಳಬೇಕು. ಇಷ್ಟಾದ ಮೇಲೂ ಮಾತು ತಿಳಿಯದಿದ್ದರೆ ಮಾತ್ರ ವ್ಯಾಟಿನ ವಿಚಾರ.