ಸೆಕೆಂಡ್ ಹ್ಯಾಂಡ್ ಪಿಸ್ತೂಲು, ಸೆಕೆಂಡ್ ಥಾಟ್

ಹಳೇ ಬೈಕ್ ತಗೊಳ್ಳುವಾಗ ನಾವು ಎಷ್ಟೆಲ್ಲಾ ನೋಡ್ತೀವಿ. ಆರ್‌ಸಿ ಯಾರ ಹೆಸರಲ್ಲಿದೆ, ಎಂಜಿನ್ ಸದ್ದು ಹೇಗಿದೆ, ಸ್ಪೇರ್ ಪಾರ್ಟ್ಸ್ ಸಿಗುತ್ತಾ, ಮನೇಲಿ ಅದನ್ನ ಓಡಿಸೋರು ಯಾರು. ಹಳೇ ಪಿಸ್ತೂಲಿಗೂ ಇದೇ ಪ್ರಶ್ನೆಗಳು. ಒಂದೇ ವ್ಯತ್ಯಾಸ, ಇಲ್ಲಿ ಕೊನೇ ಪ್ರಶ್ನೆಯನ್ನ ಮೊದಲು ಕೇಳಬೇಕು.

"ಪಿಸ್ತೂಲಿಗೂ ನಮಗೂ ಏನಪ್ಪಾ ಸಂಬಂಧ" ಅಂತ ಪೇಜ್ ಸ್ಕ್ರಾಲ್ ಮಾಡಬೇಡಿ. ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದು, ನೀವು ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೀರಿ ಅಂದ್ರೆ ಇದು ನಿಮ್ಮ ವಿಷಯವೂ ಹೌದು.

ನಮ್ಮ ತೋಟದ ಮನೆ ಇರೋದು ಶಿಕಾರಿಪುರ ತಾಲ್ಲೂಕು ಮುಗಿದು ಸೊರಬ ಶುರುವಾಗೋ ಕಡೆ. ಶಿರಾಳಕೊಪ್ಪದಿಂದ ಬಸ್ಸಿಳಿದು ಒಳಗೆ ಹೋಗಬೇಕು. ಪಕ್ಕದ ಮನೆಗೆ ಕೂಗಿದರೆ ಕೇಳಿಸಲ್ಲ. ಅಡಿಕೆ ಕೊಯ್ಲು ಮುಗಿದ ಮೇಲೆ ಒಣಗಿಸಿದ ಅಡಿಕೆ ಚೀಲ ಚೀಲ ಮನೇಲೇ ಇರುತ್ತೆ. ಒಂದು ವರ್ಷದ ಸಂಬಳವನ್ನ ನಗದು ಮಾಡಿ ಪಡಸಾಲೆಯಲ್ಲಿ ಇಟ್ಟುಕೊಂಡ ಹಾಗೆ. ಈ ಸಲ ನಮ್ಮ ಕಡೆ ಒಂದೆರಡು ಮನೆಯಲ್ಲಿ ಅಡಿಕೆ ಕಳುವಾಯ್ತು ಅನ್ನೋ ಸುದ್ದಿ ಬಂದಾಗಿನಿಂದ ಅಮ್ಮ ರಾತ್ರಿ ಎರಡು ಗಂಟೆಗೆ ಎದ್ದು ಲೈಟ್ ಹಾಕ್ತಾರೆ. ಇದನ್ನ ಅವರು ನನಗೆ ಹೇಳಲಿಲ್ಲ, ಅಪ್ಪ ಹೇಳಿದ್ದು.

ಅದೇ ಹೊತ್ತಿಗೆ ಆನವಟ್ಟಿ ಕಡೆಯ ಅಪ್ಪನ ಹಳೇ ಪರಿಚಯದವರೊಬ್ಬರು ಫೋನ್ ಮಾಡಿದ್ರು. ಅವರ ಹತ್ರ ಜರ್ಮನಿಯ ಒಂದು ವಾಲ್ಥರ್ ಪಿಸ್ತೂಲು ಇದೆ, ಪಾಯಿಂಟ್ 32 ಬೋರ್, ಲೈಸೆನ್ಸ್ ಇರೋದು. ವಯಸ್ಸಾಯ್ತು, ಮಕ್ಕಳು ವಿದೇಶದಲ್ಲಿದ್ದಾರೆ, ಅವರಿಗೆ ಬೇಡ. "ನೀನು ತಗೋ, ಐದು ಲಕ್ಷ ಕೊಡು. ಇಂಥದ್ದು ಈಗ ಸಿಗಲ್ಲ. ಅಡ್ವಾನ್ಸ್ ಹಾಕು, ಲೈಸೆನ್ಸ್ ಆಮೇಲೆ ಮಾಡಿಸ್ಕೊಂಡ್ರಾಯ್ತು" ಅಂದ್ರು. ಬೋನಸ್ ಬಂದಿತ್ತು. ಎರಡು ರಾತ್ರಿ ನಾನು ಅದರದ್ದೇ ವಿಡಿಯೋ ನೋಡಿದೆ. ಮೂರನೇ ದಿನ ವಿಡಿಯೋ ಬಿಟ್ಟು ಕಾನೂನು ಓದೋಕೆ ಕೂತೆ.

"ಈಗ ಸಿಗಲ್ಲ" ಅನ್ನೋದು ನಿಜ. 1980ರ ದಶಕದ ಮಧ್ಯದಿಂದ ಸಾಮಾನ್ಯ ನಾಗರಿಕರು ವಿದೇಶಿ ಬಂದೂಕು ಆಮದು ಮಾಡಿಕೊಳ್ಳೋದು ಹೆಚ್ಚು ಕಡಿಮೆ ನಿಂತುಹೋಗಿದೆ. ಹೆಸರು ಮಾಡಿದ ಶೂಟಿಂಗ್ ಕ್ರೀಡಾಪಟುಗಳಿಗೆ ವಿನಾಯಿತಿ ಇದೆ, ಅಷ್ಟೇ. ಹಾಗಾಗಿ ಅದಕ್ಕೂ ಮೊದಲು ಬಂದ ಪಿಸ್ತೂಲುಗಳೇ ಕೈಯಿಂದ ಕೈಗೆ ತಿರುಗ್ತಾ ಇವೆ. ಬೆಲೆ ಏರಿರೋದು ವಸ್ತುವಿನ ಗುಣಕ್ಕಿಂತ ಅದರ ಅಭಾವಕ್ಕೆ. ಹೋಲಿಕೆಗೆ ಹೇಳೋದಾದರೆ, 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೊರತಂದ ನಿರ್ಭೀಕ್ ಅನ್ನೋ ಪಾಯಿಂಟ್ 32 ರಿವಾಲ್ವರಿನ ಬೆಲೆ ಆಗ ಸುಮಾರು 1.22 ಲಕ್ಷ. ಅದೇ ದುಬಾರಿ ಅಂತ ಆಗ ಜನ ಮಾತಾಡಿಕೊಂಡಿದ್ರು.

ವಾಲ್ಥರ್ ಪಿಪಿ ಮಾದರಿ ಶುರುವಾಗಿದ್ದು 1929ರಲ್ಲಿ. ಅದರ ತಮ್ಮ ಪಿಪಿಕೆ, ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಬರೋದು. ಯಂತ್ರವಾಗಿ ನೋಡಿದರೆ ಒಳ್ಳೇ ಡಿಸೈನ್, ಒಬ್ಬ ಎಂಜಿನಿಯರ್ ಆಗಿ ನನಗೆ ಅದರ ಮೇಲೆ ಗೌರವ ಇದೆ. ಆದರೆ ಹಳೇ ಯಂತ್ರ ಹಳೇ ಯಂತ್ರವೇ. ಸ್ಪ್ರಿಂಗ್ ಸೋಲುತ್ತೆ, ಫೈರಿಂಗ್ ಪಿನ್ ಸವೆಯುತ್ತೆ, ಮ್ಯಾಗಜೀನಿನ ತುಟಿ ಬಾಗಿ ಗುಂಡು ಸಿಕ್ಕಿಹಾಕಿಕೊಳ್ಳುತ್ತೆ. ಸ್ಪೇರ್ ಪಾರ್ಟ್ ಶಿವಮೊಗ್ಗದಲ್ಲಿ ಸಿಗಲ್ಲ. ಇನ್ನೂ ಹಳೇ ಕೆಲವು ಮಾದರಿಗಳಲ್ಲಿ, ಲೋಡ್ ಆಗಿರುವಾಗ ಕೈಜಾರಿ ನೆಲಕ್ಕೆ ಬಿದ್ದರೆ ಗುಂಡು ಹಾರದಂತೆ ತಡೆಯೋ ಏರ್ಪಾಡು ಒಳಗೆ ಇರೋದೇ ಇಲ್ಲ. ಗುಂಡಿನ ವಿಷಯದಲ್ಲೂ ಗೊಂದಲ ಇದೆ. ರಿವಾಲ್ವರಿನ ಪಾಯಿಂಟ್ 32 ಬೇರೆ, ಪಿಸ್ತೂಲಿನ ಪಾಯಿಂಟ್ 32 ಬೇರೆ. ಹೆಸರು ಒಂದೇ ಥರ ಇದ್ದರೂ ಒಂದರದ್ದು ಇನ್ನೊಂದಕ್ಕೆ ಆಗಲ್ಲ.

ಇದೆಲ್ಲ ಸರಿಯಿದ್ದರೂ ಕೊಳ್ಳೋ ದಾರಿ ಸುಲಭ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಮೊದಲು, ಪಿಸ್ತೂಲು ಆಮೇಲೆ. ನಮ್ಮ ಜಿಲ್ಲೆಯಲ್ಲಾದರೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಜಿಲ್ಲಾಧಿಕಾರಿ ಕೊಡಬೇಕು. ಬೆಂಗಳೂರು ನಗರದಲ್ಲಾದರೆ ಪೊಲೀಸ್ ಕಮಿಷನರ್. ಠಾಣೆಯಿಂದ ವರದಿ ಹೋಗಬೇಕು, 2016ರ ನಿಯಮದ ಪ್ರಕಾರ ಸುರಕ್ಷತಾ ತರಬೇತಿ ಆಗಬೇಕು, ನಿಮ್ಮ ಜೀವಕ್ಕೆ ಅಥವಾ ಆಸ್ತಿಗೆ ಏನು ಅಪಾಯ ಇದೆ ಅಂತ ತೋರಿಸಬೇಕು. ಇನ್ನು ಒಬ್ಬರಿಂದ ಒಬ್ಬರಿಗೆ ಮಾರೋದಾದರೆ, ಮಾರೋರು ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ, ಕನಿಷ್ಠ 45 ದಿನ ಕಾಯಬೇಕು. ಆ ಹಿರಿಯರು ಹೇಳಿದ "ಆಮೇಲೆ ಮಾಡಿಸ್ಕೊಂಡ್ರಾಯ್ತು" ಅನ್ನೋ ಮಾತಿಗೆ ಈ ಕಾಯ್ದೆಯಲ್ಲಿ ಎಲ್ಲೂ ಜಾಗ ಇಲ್ಲ. ಅವರು ಮೋಸಗಾರರಲ್ಲ. ಅವರ ಕಾಲದಲ್ಲಿ ಎಲ್ಲ ಕೆಲಸ ಮಾತಿನ ಮೇಲೆ ನಡೀತಿತ್ತು, ಅಷ್ಟೇ.

ನಮ್ಮ ಮಲೆನಾಡಿಗೆ ಕೋವಿ ಹೊಸದಲ್ಲ ಅಂತ ನೀವು ಹೇಳಬಹುದು. ನಿಜ. ನಮ್ಮ ಅಜ್ಜನ ಹತ್ರ ಕೇಪಿನ ಕೋವಿ ಇತ್ತು, ಆಯುಧಪೂಜೆ ದಿನ ಕತ್ತಿ, ಗುದ್ದಲಿ ಜೊತೆ ಅದಕ್ಕೂ ಕುಂಕುಮ ಬೀಳ್ತಿತ್ತು. ಮಂಗ, ಹಂದಿ ಬೆದರಿಸೋಕೆ ಅಂತ ಇಟ್ಟುಕೊಂಡದ್ದು. ಆದರೆ ಕಾನೂನೇ ಇವೆರಡನ್ನ ಬೇರೆ ಬೇರೆಯಾಗಿ ನೋಡುತ್ತೆ. ಬೆಳೆ ಕಾಯೋ ಮದ್ದು ತುಂಬೋ ಕೋವಿಗೆ, ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಬಂದೂಕಿಗೆ ಕಾಯ್ದೆಯಲ್ಲಿ ಬೇರೆಯೇ ಅವಕಾಶ ಇದೆ. ಪಿಸ್ತೂಲು ಆ ಸಾಲಿಗೆ ಬರಲ್ಲ. ಕಾರಣ ಯೋಚಿಸಿದರೆ ಗೊತ್ತಾಗುತ್ತೆ. ಉದ್ದನೆ ಕೋವಿ ಹೆಗಲ ಮೇಲೆ ಹಾಕಿಕೊಂಡು ಹೋದರೆ ಊರಿಗೆಲ್ಲ ಕಾಣುತ್ತೆ. ಪಿಸ್ತೂಲು ದಿಂಬಿನ ಕೆಳಗೆ ಹಿಡಿಸುತ್ತೆ. ಒಂದು ತೋಟಕ್ಕೆ, ಇನ್ನೊಂದು ಮನುಷ್ಯರಿಗೆ.

ಈಗ ಆ ಮೊದಲ ಪ್ರಶ್ನೆಗೆ ಬರೋಣ. ಅದನ್ನ ಹಿಡಿಯೋರು ಯಾರು?

ಲೈಸೆನ್ಸ್ ಅನ್ನೋದು ವ್ಯಕ್ತಿಗೆ ಕೊಡೋದು, ಮನೆಗಲ್ಲ. ನನ್ನ ಹೆಸರಲ್ಲಿ ತಗೊಂಡು, ಊರಿನ ಬೀರುವಿನಲ್ಲಿಟ್ಟು, "ಅಪ್ಪಾ, ಹುಷಾರು" ಅಂತ ಹೇಳಿ ರಾತ್ರಿ ಬಸ್ಸು ಹತ್ತೋ ಹಾಗಿಲ್ಲ. ಅಪ್ಪನಿಗೆ ಕಾನೂನು ಪ್ರಕಾರ ಅನುಮತಿ ಇಲ್ಲದೆ ಅದು ಅವರ ಕೈಯಲ್ಲಿದ್ದರೆ ಅಪರಾಧ ನಂದೂ ಹೌದು, ಅವರದ್ದೂ ಹೌದು. ಬೆಂಗಳೂರಿಗೆ ತಂದರೆ? ಎರಡು ಜನ ಫ್ಲ್ಯಾಟ್‌ಮೇಟ್, ಒಬ್ಬಳು ಅಡುಗೆಯವಳು, ವಾರಕ್ಕೊಮ್ಮೆ ಬರೋ ಸ್ನೇಹಿತರು. ಅಲ್ಲಿ ಅದು ಕಾಯೋದು ಯಾರನ್ನ? ಅಪ್ಪ ಅಮ್ಮನ ಭಯಕ್ಕೆ ಅಂತ ಕೊಂಡ ಪಿಸ್ತೂಲು ಅವರಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ನನ್ನ ವಾರ್ಡ್‌ರೋಬಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತೆ.

ಹಾಗಾದರೆ ಅಪ್ಪನ ಹೆಸರಲ್ಲೇ ಮಾಡಿಸೋಣ ಅಂತ ಫೋನ್ ಮಾಡಿದೆ. ಅಪ್ಪ ನಕ್ಕರು. "ರಾತ್ರಿ ಎದ್ದರೆ ನಂಗೆ ಕನ್ನಡಕ ಹುಡುಕೋಕೇ ಐದು ನಿಮಿಷ ಬೇಕು. ಕಳ್ಳ ಅಷ್ಟೊತ್ತು ಕಾಯ್ತಾನಾ?"

ಅಮ್ಮ ನಗಲಿಲ್ಲ. ಫೋನು ತಗೊಂಡು ಹಿತ್ತಲಿಗೆ ಹೋದರು ಅಂತ ಕಾಣುತ್ತೆ, ಕೋಳಿ ಸದ್ದು ಕೇಳಿಸ್ತಿತ್ತು. "ಹೋದ ಮಳೆಗಾಲ ಕೊಳೆ ಬಂದು ಅಡಿಕೆ ಉದುರಿದಾಗ ನಿಮ್ಮಪ್ಪ ಒಂದು ತಿಂಗಳು ಸರಿಯಾಗಿ ಊಟ ಮಾಡಿಲ್ಲ, ಮಾತಾಡಿಲ್ಲ. ನಿನಗೆ ಹೇಳಬೇಡ ಅಂದಿದ್ರು. ಆಗ ಔಷಧಿ ಡಬ್ಬಾನೇ ನಾನು ಪಕ್ಕದ ಮನೇಲಿ ಇಟ್ಟು ಬಂದಿದ್ದೆ. ಈ ಮನೇಲಿ ಅದು ಬೇಡ ಮಗಾ." ಅಷ್ಟು ಹೇಳಿ, "ಊಟ ಆಯ್ತಾ" ಅಂತ ಕೇಳಿದರು.

ನಾನು ಲೆಕ್ಕ ಹಾಕ್ತಾ ಇದ್ದದ್ದು ಹೊರಗಿನಿಂದ ಬರೋ ಕಳ್ಳನನ್ನ. ಅಮ್ಮ ಲೆಕ್ಕ ಹಾಕಿದ್ದು ಮನೆಯ ಒಳಗಿನ ಕೆಟ್ಟ ರಾತ್ರಿಗಳನ್ನ. 1993ರಲ್ಲಿ ಅಮೆರಿಕದಲ್ಲಿ ಆರ್ಥರ್ ಕೆಲ್ಲರ್‌ಮನ್ ಅನ್ನೋ ವೈದ್ಯರು ಮತ್ತವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಬಂದೂಕು ಇರೋ ಮನೆಗಳಲ್ಲಿ ಕೊಲೆಯ ಅಪಾಯ ಸುಮಾರು 2.7 ಪಟ್ಟು ಹೆಚ್ಚು, ಅದೂ ಬಹುಪಾಲು ಮನೆಯವರು ಇಲ್ಲವೇ ಪರಿಚಯದವರಿಂದಲೇ ಅನ್ನೋದು ಅದರ ಸಾರ. ಅದಕ್ಕೂ ಒಂದು ವರ್ಷ ಮೊದಲು ಅವರ ತಂಡವೇ ಆತ್ಮಹತ್ಯೆಯ ವಿಷಯದಲ್ಲೂ ಬಂದೂಕಿರೋ ಮನೆಗೆ ಅಪಾಯ ಹೆಚ್ಚು ಅಂತ ತೋರಿಸಿತ್ತು. ಅಮೆರಿಕ ಬೇರೆ, ಶಿರಾಳಕೊಪ್ಪ ಬೇರೆ, ಒಪ್ತೀನಿ. ಆ ಅಧ್ಯಯನದ ಬಗ್ಗೆ ವಾದ ಮಾಡಿದವರೂ ಇದ್ದಾರೆ. ಆದರೆ ಅಮ್ಮ ಔಷಧಿ ಡಬ್ಬ ಪಕ್ಕದ ಮನೇಲಿ ಇಟ್ಟದ್ದು ಯಾವ ಜರ್ನಲ್ಲೂ ಓದಿ ಅಲ್ಲ.

ನಮ್ಮ ಕಡೆ ಹಳ್ಳಿಹಳ್ಳಿಯಲ್ಲೂ ವೀರಗಲ್ಲು ಇವೆ. ಬಳ್ಳಿಗಾವಿಗೆ ಹೋದರೂ ಕಾಣುತ್ತೆ, ಸೊರಬ ತಾಲ್ಲೂಕಿನ ಕೆರೆ ಏರಿ, ಗುಡಿ ಅಂಗಳದಲ್ಲೂ ಕಾಣುತ್ತೆ. ತುರುಗಳನ್ನ ಹೊಡ್ಕೊಂಡು ಹೋಗೋಕೆ ಬಂದವರ ಜೊತೆ ಕಾದಾಡಿ ಸತ್ತವರ ಕಲ್ಲು. ಚಿಕ್ಕವನಿದ್ದಾಗ ನಾನು ಅವರ ಕೈಯಲ್ಲಿರೋ ಬಿಲ್ಲು, ಕತ್ತಿ ಮಾತ್ರ ನೋಡ್ತಿದ್ದೆ. ಈಗ ಅನಿಸೋದು ಬೇರೆ. ಕಳ್ಳರು ಬಂದ ಹೊತ್ತಿಗೆ ಆ ಮನುಷ್ಯ ಊರಲ್ಲಿದ್ದ. ಅವನ ಮೊದಲ ಆಯುಧ ಅದೇ. ನಾನು ಐದು ಲಕ್ಷ ಕೊಟ್ಟು ಕೊಳ್ಳೋಕೆ ಹೊರಟಿದ್ದು ರಕ್ಷಣೆಯನ್ನಲ್ಲ, ಊರಲ್ಲಿ ಇಲ್ಲದೇ ಇರೋದಕ್ಕೆ ಒಂದು ಸಮಾಧಾನವನ್ನ. ಮಗ ಏನೋ ಮಾಡಿದ್ದಾನೆ ಅಂತ ನನಗೇ ಅನ್ನಿಸಬೇಕಿತ್ತು.

ಹಾಗಂತ ಭಯ ಸುಳ್ಳಲ್ಲ. ಅಮ್ಮ ರಾತ್ರಿ ಎರಡಕ್ಕೆ ಏಳೋದು ನಿಜ, ಅದಕ್ಕೆ ಏನಾದರೂ ಮಾಡಲೇಬೇಕು. ಕೂತು ಮಾತಾಡಿದ ಮೇಲೆ ನಾವು ಮಾಡಿದ್ದು ಇಷ್ಟು. ಕಳ್ಳ ಬರೋದು ಅಡಿಕೆಗೆ ತಾನೇ, ಅದನ್ನ ಮನೇಲಿ ಯಾಕೆ ಇಟ್ಟುಕೊಳ್ಳಬೇಕು? ಒಣಗಿದ ಹಾಗೇ ಸೊಸೈಟಿಗೆ ಸಾಗಿಸಿದೆವು. ಮ್ಯಾಮ್ಕೋಸ್‌ನಂಥ ಸಹಕಾರಿ ಸಂಘಗಳು ನಮ್ಮ ಜಿಲ್ಲೆಯಲ್ಲಿ ಇರೋದೇ ಇದಕ್ಕೆ. ಅಂಗಳಕ್ಕೆ ಮತ್ತು ಕೊಟ್ಟಿಗೆಗೆ ತಾನಾಗೇ ಹತ್ತೋ ಸೋಲಾರ್ ಲೈಟ್, ಸಿಮ್ ಹಾಕೋ ಕ್ಯಾಮೆರಾ ಎರಡು, ಹಿಂಬಾಗಿಲಿಗೆ ಕಬ್ಬಿಣದ ಅಡ್ಡಪಟ್ಟಿ. ಅಪ್ಪನ ಮೊಬೈಲಿನಲ್ಲಿ 112 ಮತ್ತು ಸುತ್ತಲಿನ ನಾಲ್ಕು ಮನೆಯ ನಂಬರ್ ಒಂದೇ ಒತ್ತಿಗೆ ಹೋಗೋ ಹಾಗೆ ಇಟ್ಟೆವು. ಆ ನಾಲ್ಕು ಮನೆಯವರೂ ಹಾಗೇ ಮಾಡಿಕೊಂಡರು. ಒಂದು ನಾಯಿಮರಿ ಬಂದಿದೆ, ಸದ್ಯಕ್ಕೆ ಅದು ಕಳ್ಳನಿಗಿಂತ ಹೆಚ್ಚು ಚಪ್ಪಲಿ ಹಾಳು ಮಾಡ್ತಿದೆ. ಎಲ್ಲ ಸೇರಿ ಐವತ್ತು ಸಾವಿರ ಮುಟ್ಟಲಿಲ್ಲ.

ಅಪ್ಪನ ವಿಷಯಕ್ಕೆ ಮಾತ್ರ ಯಾವ ಕ್ಯಾಮೆರಾನೂ ಇಲ್ಲ. ಅದಕ್ಕೆ ಈಗ ದಿನಾ ರಾತ್ರಿ ಎಂಟೂವರೆಗೆ ಫೋನ್ ಮಾಡ್ತೀನಿ, ಅಮ್ಮನಿಗಲ್ಲ, ಅವರಿಗೇ. ಅಡಿಕೆ ರೇಟು, ಮಳೆ, ಮಂಗ, ಏನಾದ್ರೂ ಸರಿ. ಮೊದಮೊದಲು ಎರಡು ನಿಮಿಷಕ್ಕೆ "ಅಮ್ಮಂಗೆ ಕೊಡ್ತೀನಿ" ಅಂತಿದ್ರು. ಈಗ ಹತ್ತು ನಿಮಿಷ ದಾಟುತ್ತೆ.

ಆನವಟ್ಟಿಯ ಹಿರಿಯರಿಗೂ ಫೋನ್ ಮಾಡಿ ಬೇಡ ಅಂದೆ. ಸ್ವಲ್ಪ ಬೇಜಾರಾದ್ರು. ಮಾರಾಟ ಆಗೋವರೆಗೆ ಅದನ್ನ ಲೈಸೆನ್ಸ್ ಇರೋ ಡೀಲರ್ ಹತ್ರ ಅಥವಾ ಠಾಣೆಯಲ್ಲಿ ಠೇವಣಿ ಇಡಬಹುದು, ಕಾಯ್ದೆಯಲ್ಲೇ ಅದಕ್ಕೆ ಅವಕಾಶ ಇದೆ ಅಂತ ಹೇಳಿದೆ. "ಚುನಾವಣೆ ಬಂದಾಗೆಲ್ಲ ಅಲ್ಲೇ ಇಟ್ಟು ಬರ್ತೀನಲ್ಲ, ಅಭ್ಯಾಸ ಇದೆ" ಅಂದ್ರು. ಆಮೇಲೆ ಒಂದು ಕ್ಷಣ ಬಿಟ್ಟು, "ನಲವತ್ತು ವರ್ಷ ಇಟ್ಕೊಂಡಿದ್ದೆ ನೋಡು, ಒಂದು ದಿನಾನೂ ಬೇಕಾಗಿರಲಿಲ್ಲ" ಅಂದ್ರು. ಒಬ್ಬರೇ ಇರ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಅಪ್ಪನನ್ನೂ ಕರ್ಕೊಂಡು ಅವರ ಮನೆಗೆ ಹೋಗಿ ಬರೋದು ಅಂತ ಇದೆ.

ನಿಮ್ಮ ಮನೆಯಲ್ಲೂ ಯಾರಾದರೂ ಇಂಥದ್ದೊಂದು ಆಫರ್ ಇಟ್ಟರೆ ಬೋರ್, ಬ್ರ್ಯಾಂಡ್, ಬೆಲೆ ಎಲ್ಲ ಆಮೇಲೆ ನೋಡಿ. ಮೊದಲು ಅಮ್ಮನಿಗೆ ಒಂದು ಫೋನ್ ಮಾಡಿ. ಅವರು ಹಿತ್ತಲಿಗೆ ಹೋಗಿ ಮಾತಾಡೋವರೆಗೆ ಕಾಯಿರಿ.