ಜೇವರ್ಗಿ ಅಂತ ಟೈಪ್ ಮಾಡಿ ತೋರಿಸಿ

ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಹುಟ್ಟುವ ಜಗಳಗಳಲ್ಲಿ ಒಂದು ಯಾವತ್ತೂ ಮುಗಿಯಲ್ಲ: ಯಾವ ಡಿಸೈನ್ ಸಾಫ್ಟ್‌ವೇರ್ ಫಾಸ್ಟು? ಒಬ್ಬನಿಗೆ ಇಲ್ಲಸ್ಟ್ರೇಟರ್ ಬಿಟ್ಟರೆ ಉಳಿದದ್ದೆಲ್ಲ ಆಟಿಕೆ. ಇನ್ನೊಬ್ಬಳು ಅಫಿನಿಟಿ ಪಕ್ಷ. ತೆರೆಯೋಕೆ ಎಷ್ಟು ಸೆಕೆಂಡು, ಝೂಮ್ ಮಾಡಿದರೆ ಎಷ್ಟು ನುಣುಪು ಅಂತ ಮೊಬೈಲಲ್ಲಿ ಟೈಮರ್ ಹಿಡಿದು ತೋರಿಸ್ತಾಳೆ. ಕೋರೆಲ್‌ಡ್ರಾ ಹೆಸರು ಬಂದಾಗ ಮಾತ್ರ ಇಬ್ಬರೂ ಒಂದಾಗ್ತಾರೆ. "ಅದು ಫ್ಲೆಕ್ಸ್ ಅಂಗಡಿಯವರದ್ದು, ಪ್ರೊಫೆಷನಲ್ ಅಲ್ಲ." ನಾನೂ ಆರು ವರ್ಷ ಇದೇ ಮಾತು ಆಡಿದವನು. ಈಗ ಕೇಳಿದರೆ ಮೈ ಉರಿಯುತ್ತೆ.

ನಮ್ಮದು ಅಫಜಲಪುರ ತಾಲೂಕಿನ ಹಳ್ಳಿ, ಭೀಮಾ ನದಿಯ ದಂಡೆ. ಹೋದ ವರ್ಷ ತಂಗಿಯನ್ನು ಜೇವರ್ಗಿಗೆ ಕೊಟ್ಟೆವು. ಆಳಂದದಲ್ಲಿ ಸೋದರಮಾವನ ಡಿಟಿಪಿ ಅಂಗಡಿ ಇರೋದರಿಂದ ಕಾರ್ಡು, ಬ್ಯಾನರು ಎಲ್ಲ ಅಲ್ಲೇ ಆಗಬೇಕು ಅಂತ ಅವ್ವನ ಆರ್ಡರ್. ನಾನು ದೊಡ್ಡ ಮನುಷ್ಯ ಅಲ್ವಾ, ಬೆಂಗಳೂರಿನಿಂದಲೇ ಫೋಟೋಶಾಪಲ್ಲಿ ಡಿಸೈನ್ ಮಾಡಿಕೊಂಡು ಹೋಗಿದ್ದೆ. ಮಾಮಾ ಕನ್ನಡಕ ಹಣೆಗೇರಿಸಿ ಲ್ಯಾಪ್‌ಟಾಪ್ ನೋಡಿದರು.

"ಅಳಿಯಾ, ನಿಮ್ಮ ಬೆಂಗಳೂರಾಗ ಜೇವರ್ಗಿಗೆ ಅರ್ಕಾವತ್ತು ಹಚ್ಚಂಗಿಲ್ಲೇನು?"

ನೋಡಿದರೆ, ಅರ್ಧ ರ ಒಂದು ಕಡೆ ನಿಂತಿದೆ, ಗಿ ಅದರ ಪಕ್ಕದಲ್ಲಿ ಸಂಬಂಧವೇ ಇಲ್ಲದ ಹಾಗೆ. ಅಫಜಲಪುರದಲ್ಲಿ ಒತ್ತಕ್ಷರ ಇಲ್ಲ, ಅದು ಬಚಾವಾಗಿತ್ತು. ತಪ್ಪು ನನ್ನದೇ. ನನ್ನ ಹತ್ತಿರ ಇದ್ದ ಹಳೆಯ ಫೋಟೋಶಾಪಿನಲ್ಲಿ ಕನ್ನಡ ಸರಿಯಾಗಿ ಕೂರಬೇಕಾದರೆ ಅಕ್ಷರದ ಸೆಟ್ಟಿಂಗಿಗೆ ಹೋಗಿ ವರ್ಲ್ಡ್ ರೆಡಿ ಲೇಔಟ್ ಆರಿಸಿಕೊಳ್ಳಬೇಕಿತ್ತು. ನನಗದು ಗೊತ್ತೇ ಇರಲಿಲ್ಲ. ಯಾಕಂದರೆ ಆರು ವರ್ಷದ ನೌಕರಿಯಲ್ಲಿ ಕೆಲಸಕ್ಕಾಗಿ ಒಂದು ಕನ್ನಡ ಪದ ಟೈಪ್ ಮಾಡುವ ಪ್ರಸಂಗವೇ ಬಂದಿರಲಿಲ್ಲ. ಪ್ರೊಫೆಷನಲ್!

ಆಮೇಲೆ ಎರಡು ದಿನ ಅಂಗಡಿಯಲ್ಲೇ ಕೂತೆ. ಆಳಂದ ಅಂದರೆ ಮಹಾರಾಷ್ಟ್ರದ ಅಂಚು. ಒಂದೇ ಬ್ಯಾನರಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಬೇಕು ಅನ್ನೋ ಗಿರಾಕಿ ಇಲ್ಲಿ ದಿನಾ ಬರ್ತಾನೆ. ಕನ್ನಡಕ್ಕೆ ನುಡಿ, ಮರಾಠಿಗೆ ಶ್ರೀಲಿಪಿ, ಉರ್ದುವಿಗೆ 1994ರಲ್ಲಿ ಭಾರತದಲ್ಲೇ ಹುಟ್ಟಿದ ಇನ್‌ಪೇಜ್. ಮೂರನ್ನೂ ತಂದು ಕೂಡಿಸುವ ಅಂಗಳ ಕೋರೆಲ್. ಮಾಮಾ ಹತ್ತಿರ ಇರೋದು 2006ರ ಎಕ್ಸ್3, ಒಮ್ಮೆ ದುಡ್ಡು ಕೊಟ್ಟು ಕೊಂಡದ್ದು. ಅಡೋಬಿಯ ಹೊಸ ಆವೃತ್ತಿಗಳು 2013ರಿಂದ ಬಾಡಿಗೆಗೆ ಮಾತ್ರ. "ಆಷಾಢದಾಗ ಒಂದು ಲಗ್ನ ಇರಂಗಿಲ್ಲ, ಬಾಡಿಗಿ ಯಾರು ಕಟ್ಟಬೇಕು?" ಅಂತಾರೆ ಮಾಮಾ. ಸಂಬಳ ತಿಂಗಳ ಕೊನೆಗೆ ತಾನಾಗೇ ಬಂದು ಬೀಳುವ ನಮಗೆ ಈ ಪ್ರಶ್ನೆ ಹೊಳೆಯೋದೇ ಇಲ್ಲ.

ಇನ್ನು ಸ್ಪೀಡಿನ ಲೆಕ್ಕ. ಹತ್ತು ಅಡಿ ಉದ್ದ, ಆರು ಅಡಿ ಎತ್ತರದ ಬ್ಯಾನರು ತಗೊಳ್ಳಿ. 300 ಡಿಪಿಐ ಇಟ್ಟರೆ 36,000 ಗುಣಿಸು 21,600 ಪಿಕ್ಸೆಲ್. ಸಿಎಂವೈಕೆಯಲ್ಲಿ ತುಂಬಿದ ಒಂದೇ ಪದರಕ್ಕೆ ಮೂರು ಜಿಬಿ ದಾಟುತ್ತೆ. ಪಿಎಸ್‌ಡಿ ಫೈಲಿಗೆ 30,000 ಪಿಕ್ಸೆಲ್ಲೇ ಗಡಿ, ಹಾಗಾಗಿ ಆ ರೂಪದಲ್ಲಿ ಸೇವ್ ಕೂಡ ಆಗಲ್ಲ. ಫ್ಲೆಕ್ಸಿಗೆ ಸಾಕಾಗುವ 72 ಡಿಪಿಐಗೆ ಇಳಿಸಿದರೂ ಪದರಕ್ಕೆ 180 ಎಂಬಿ. ಅದರ ಮೇಲೆ ಮೂವತ್ತು ಜನ ಶುಭ ಕೋರುವವರ ಫೋಟೋ ಬೇರೆ, ಒಬ್ಬರ ಮುಖ ಇನ್ನೊಬ್ಬರದಕ್ಕಿಂತ ಚಿಕ್ಕದಾದರೆ ಊರಲ್ಲಿ ಜಗಳ. ಸರಿ, ಇಲ್ಲಸ್ಟ್ರೇಟರ್? ಅದರ ಆರ್ಟ್‌ಬೋರ್ಡ್ ಬಹಳ ವರ್ಷ 227 ಇಂಚಿಗೇ ನಿಲ್ಲುತ್ತಿತ್ತು, ಅಂದರೆ 19 ಅಡಿ. ಈಚೆಗೆ ಹಿಗ್ಗಿಸಿದ್ದಾರೆ. ಕೋರೆಲ್‌ನಲ್ಲಿ 150 ಅಡಿಯ ಪುಟವನ್ನು ಅಳತೆಗೆ ಅಳತೆ ಹಾಕಬಹುದು. ಮಾಮಾ ನಾಲ್ಕು ಜಿಬಿ ರ‍್ಯಾಮಿನ ಮೆಷಿನ್ನಲ್ಲಿ ಫೋಟೋಗಳನ್ನು ಪವರ್‌ಕ್ಲಿಪ್ ಮಾಡಿ ಗೋಲದೊಳಗೆ ಕೂರಿಸಿ, ಚಹಾ ಆರುವುದರೊಳಗೆ ಗಿರಾಕಿಗೆ ಪ್ರೂಫ್ ತೋರಿಸ್ತಾರೆ. ಇದು ಸ್ಪೀಡಲ್ಲ ಅಂದರೆ ಯಾವುದು ಸ್ಪೀಡು?

ಅಫಿನಿಟಿ ಬಗ್ಗೆ ಹೇಳಲೇಬೇಕು, ಟೈಮರ್ ಗೆಳತಿ ಕ್ಷಮಿಸಲಿ. 2022ರಲ್ಲಿ ಬಂದ ಅದರ ಎರಡನೇ ಆವೃತ್ತಿಯಲ್ಲೂ ಭಾರತದ ಲಿಪಿಗಳ ಒತ್ತಕ್ಷರ ಜೋಡಿಸುವ ವ್ಯವಸ್ಥೆ ಇರಲಿಲ್ಲ. ಎರಡು ಸೆಕೆಂಡಿಗೆ ತೆರೆದುಕೊಂಡು ಜೇವರ್ಗಿ ಬರೆಯಲಾಗದ ಸಾಫ್ಟ್‌ವೇರಿಗೆ ಯಾವ ವೇಗದ ಸರ್ಟಿಫಿಕೇಟು? ಬಿಟ್ಟಿ ಸಿಗುವ ಇಂಕ್‌ಸ್ಕೇಪ್ ಕನ್ನಡವನ್ನು ಚೆಂದ ಕೂರಿಸುತ್ತೆ, ಆದರೆ ಅದು ಹುಟ್ಟಿದ್ದು ಪರದೆಯ ಬಣ್ಣಕ್ಕೆ, ಪ್ರೆಸ್ಸಿನ ಸಿಎಂವೈಕೆಗೆ ಸುತ್ತುಹಾದಿ ಹಿಡಿಯಬೇಕು. ಹೋಲಿಕೆ ವಿಡಿಯೋ ಮಾಡುವವರು ಇದ್ಯಾವುದನ್ನೂ ಅಳೆಯಲ್ಲ. ಅವರನ್ನೇನು ಬೈಯೋದು, ಕನ್ನಡ ಬಲ್ಲ ನಾವೇ ಯಾವ ಕಂಪನಿಗೂ ಒಂದು ದೂರು ಬರೆದಿಲ್ಲ. ಕಾಫಿ ಮಗ್ಗಿನ ಮೇಲೆ ಕನ್ನಡ ಹಾಕಿಸಿಕೊಂಡು ಓಡಾಡ್ತೀವಿ, ಅಷ್ಟೇ.

ಹಾಗಂತ ಮಾಮಾನ ಪದ್ಧತಿಯೂ ಹಾಲುಜೇನಲ್ಲ. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಕಣ್ಣಿಗೆ ಕಾಣೋದು ಕನ್ನಡ, ಫೈಲಿನೊಳಗೆ ಇರೋದು ಬೇರೆಯೇ ಗೀಚು. ಕೈಬರಹದಲ್ಲಿ ಅರ್ಕಾವತ್ತು ಗಿ ಆದಮೇಲೆ ಬರುತ್ತಲ್ಲ, ಆಸ್ಕಿಯಲ್ಲೂ ಹಾಗೇ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮ: ಮೊದಲು ರ್, ಆಮೇಲೆ ಗಿ. ಬೀಗರು ವಾಟ್ಸ್ಯಾಪಲ್ಲಿ ಕಳಿಸುವುದು ಯೂನಿಕೋಡು. ಅದನ್ನು ನುಡಿಗೆ ಪರಿವರ್ತಿಸುವಾಗ ಎಡವುವುದು ಹೆಚ್ಚಾಗಿ ಈ ಜಾಗದಲ್ಲೇ. ಹೀಗಾಗಿ ಮಾಮಾ ನಂಬಿಕೆಯಿಲ್ಲದೆ ಎಲ್ಲವನ್ನೂ ಕೈಯಾರೆ ಮತ್ತೆ ಟೈಪ್ ಮಾಡ್ತಾರೆ. ಕೊನೆಗೆ ಅಕ್ಷರಗಳನ್ನು ಕರ್ವ್ ಮಾಡಿ ಪ್ರೆಸ್ಸಿಗೆ ಕಳಿಸಿ, ಆ ಫೈಲನ್ನಷ್ಟೇ ಇಟ್ಟುಕೊಳ್ತಾರೆ. ಅಲ್ಲಿಗೆ ಅಕ್ಷರ ಸತ್ತು ಚಿತ್ರವಾಯಿತು. ಇಪ್ಪತ್ತು ವರ್ಷದ ಮದುವೆ, ಜಾತ್ರೆ, ಪುಣ್ಯತಿಥಿ ಎಲ್ಲ ಆ ಹಾರ್ಡ್ ಡಿಸ್ಕಿನಲ್ಲಿವೆ. ಒಂದು ಹೆಸರು ಹುಡುಕಿ ಅಂದರೆ ಆಗಲ್ಲ.

ನಮ್ಮ ಕಾರ್ಡಿಗೂ ಇದೇ ಆಯಿತು. ಎಲ್ಲ ಮುಗಿದ ಮೇಲೆ ಜೇವರ್ಗಿಯಿಂದ ಫೋನು, ವರನ ದೊಡ್ಡ ಕಾಕಾನ ಹೆಸರೇ ಬಿಟ್ಟುಹೋಗಿದೆ ಅಂತ. ಫೈಲು ಕರ್ವ್ ಆಗಿತ್ತು. ಮಾಮಾ ಇಡೀ ಕಾಲಂ ಮತ್ತೆ ಟೈಪ್ ಮಾಡಿದರು. ನಾನು ಆಫೀಸಿನ ಚಾಳಿಯಂತೆ ಟೈಮರ್ ಹಿಡಿದಿದ್ದೆ: ಹನ್ನೊಂದು ನಿಮಿಷ.

"ಮಾಮಾ, ನುಡಿ ಕೀಬೋರ್ಡಲ್ಲೇ ಯೂನಿಕೋಡ್ ಹೊಡೀಬಹುದು, ಬೆರಳಿಗೆ ಹೊಸದೇನೂ ಕಲಿಸೋದು ಬ್ಯಾಡ್ರಿ. ಆದ್ರ ಈ ಎಕ್ಸ್3 ನಡೆಯಂಗಿಲ್ಲ, 2012ರ ಎಕ್ಸ್6ನಿಂದ ಈಚಿನ ಕೋರೆಲ್ ಬೇಕು" ಅಂದೆ. ಅನೇಕ್ ಕನ್ನಡ, ನೋಟೋ ಎರಡೂ ಫಾಂಟು ಬಿಟ್ಟಿ ಸಿಗ್ತಾವೆ ಅಂತ ನನ್ನ ಲ್ಯಾಪ್‌ಟಾಪಲ್ಲಿ ತೋರಿಸಿದೆ. ಈ ಸಲ ಸೆಟ್ಟಿಂಗ್ ಬದಲಿಸಿಯೇ ಜೇವರ್ಗಿ ಹೊಡೆದೆ. ಅರ್ಕಾವತ್ತು ತನ್ನ ಜಾಗದಲ್ಲಿ ಕೂತಿತ್ತು.

ಮಾಮಾ ತುಸು ಹೊತ್ತು ನೋಡಿದರು. "ಅಕ್ಷರ ಚಲೋ ಅದಾವ. ಹೊಸಾ ಕೋರೆಲ್ಲಿಗಿ ಎಷ್ಟು?"

ಹೇಳಿದೆ.

"ಸೀಜನ್ ಮುಗೀಲಿ, ತೊಗರಿ ಮಾರಿದ ಮ್ಯಾಲ ನೋಡೂಣು."

ಅರ್ಧ ನಾನು ಕೊಡ್ತೀನಿ ಅಂದೆ. ಅವರು ಉತ್ತರ ಕೊಡಲಿಲ್ಲ, ಬಾಗಿಲಲ್ಲಿ ಮುಂದಿನ ಗಿರಾಕಿ ನಿಂತಿದ್ದ.