ದುಡ್ಡು, ಡಬ್ಬು, ಹಣ

ಕಣೇಕಲ್ಲಿನ ಅಂಗಡಿಬೀದಿಯಲ್ಲಿ ಕನ್ನಡಿಗನು ‘ದುಡ್ಡು’ ಎಂದರೆ ತೆಲುಗಿನವನು ‘ದುಡ್ಲು’ ಎನ್ನುತ್ತಾನೆ. ಚೌಕಾಸಿ ನಡೆಯುವುದು ಬೆಲೆಯ ಮೇಲೆ, ಮಾತಿನ ಮೇಲಲ್ಲ. ಆದರೆ ಶಿಷ್ಟ ತೆಲುಗಿನ ಬರಹದಲ್ಲಿ ‘ಡಬ್ಬು’ ಎಂದೇ ರೂಢಿ. ಅದರಿಂದಾಗಿ ರಾಯಲಸೀಮೆಯ ‘ದುಡ್ಲು’ ಕನ್ನಡದ ಬೆರಕೆಯೆಂದು ನಗುವವರೂ ಉಂಟು. ಆ ನಗೆಗೆ ಹೆದರಿ ಮನೆಯ ಮಾತನ್ನು ತಿದ್ದಿಕೊಳ್ಳುವ ಮಕ್ಕಳೂ ಉಂಟು. ತಿದ್ದಿಕೊಳ್ಳಬೇಕಾದ ತಪ್ಪು ಅಲ್ಲಿಲ್ಲ. ದುಡ್ಡು, ಡಬ್ಬು ಎರಡೂ ಮೊದಲು ತಾಮ್ರದ ಸಣ್ಣ ನಾಣ್ಯಗಳ ಹೆಸರುಗಳು. ನಾಣ್ಯ ಮರೆಯಾಯಿತು, ಹೆಸರು ಉಳಿದು ಸಿರಿಗೆಲ್ಲ ಸಂದಿತು.

‘ಹಣ’ದ ಕಥೆ ಇನ್ನೂ ಸ್ವಾರಸ್ಯದ್ದು. ಸಂಸ್ಕೃತದ ‘ಪಣ’ ತಮಿಳಿನಲ್ಲಿ ‘ಪಣಂ’ ಆಯಿತು. ಆಂಗ್ಲರ ಲೆಕ್ಕದ ಪುಸ್ತಕಗಳಲ್ಲಿ ‘ಫಣಂ’ ಎನಿಸಿತು. ಹಳಗನ್ನಡದ ‘ಪಾಲು’ ‘ಹಾಲು’ ಆದಂತೆಯೇ ಕನ್ನಡದಲ್ಲಿ ‘ಪಣ’ವು ‘ಹಣ’ವಾಯಿತು. ತೆಲುಗಿನಲ್ಲಿ ಹಾಲು ಇಂದಿಗೂ ‘ಪಾಲು’. ಆದರೂ ಕನ್ನಡವು ಹಳೆಯ ರೂಪವನ್ನು ಪೂರ್ತಿ ಬಿಡಲಿಲ್ಲ: ಜೂಜಿನಲ್ಲಿ ಒಡ್ಡುವುದು ‘ಪಣ’, ಸೋತವನು ತೆರುವುದು ‘ಹಣ’!

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹೋಳಾಗಿ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿತು. ಭೂಮಿಯ ದಾಖಲೆಗಳು ಹಂಚಿಹೋದವು. ದುಡ್ಡು ಎಂಬ ಮಾತು ಗಡಿಯ ಎರಡೂ ಕಡೆ ಚಲಾವಣೆಯಲ್ಲಿಯೇ ಇತ್ತು. ಇಂದಿನ ನೋಟಿನ ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯದು, ತೆಲುಗು ಹದಿನಾಲ್ಕನೆಯದು. ಅಲ್ಲಿ ದುಡ್ಡೂ ಇಲ್ಲ, ಡಬ್ಬೂ ಇಲ್ಲ. ಇರುವುದು ರೂಪಾಯಿ; ಅದರ ಮೂಲವಾದ ‘ರೂಪ್ಯ’ಕ್ಕೆ ಬೆಳ್ಳಿಯೆಂದು ಅರ್ಥ, ಅಚ್ಚಾಗಿರುವುದು ಮಾತ್ರ ಕಾಗದದ ಮೇಲೆ.